ಟೆಸ್ ಕಂಡ ಗ್ರಹ, ನಿಮ್ಮ ಅಂಗಳದ ದೂರದರ್ಶಕ: ಸಂಕ್ರಮಣ ಅಳೆಯುವ ಕ್ರಮ

ಬೇರೆ ನಕ್ಷತ್ರಗಳ ಸುತ್ತ ಗ್ರಹ ಹುಡುಕುವ ಟೆಸ್ ಬಾಹ್ಯಾಕಾಶ ದೂರದರ್ಶಕದ ಒಂದು ಪಿಕ್ಸೆಲ್ ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ ಅಗಲದ ಜಾಗವನ್ನು ನುಂಗುತ್ತದೆ (ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಪಾಲು). 20 ಸೆಂ.ಮೀ. ದೂರದರ್ಶಕಕ್ಕೆ ಸಾಧಾರಣ ಕ್ಯಾಮೆರಾ ಸಿಕ್ಕಿಸಿದರೂ ಒಂದು ಪಿಕ್ಸೆಲ್‌ಗೆ ಒಂದೋ ಒಂದೂವರೆಯೋ ಆರ್ಕ್‌ಸೆಕೆಂಡ್ ಬರುತ್ತದೆ. ಅಲ್ಲಿ ಮೇಲೆ ಒಂದೇ ಮುದ್ದೆಯಾಗಿ ಕಾಣುವ ಮೂರು ನಾಲ್ಕು ನಕ್ಷತ್ರಗಳು ಇಲ್ಲಿ ಕೆಳಗೆ ಬಿಡಿಬಿಡಿಯಾಗಿ ಕಾಣುತ್ತವೆ. ಟೆಸ್ ಕಂಡ ಗ್ರಹಗಳನ್ನು ನೆಲದಿಂದ ಮತ್ತೆ ಅಳೆಯುವ ಕೆಲಸದಲ್ಲಿ ಹವ್ಯಾಸಿಗಳಿಗೆ ಜಾಗ ಸಿಕ್ಕಿದ್ದು ಈ ಒಂದು ವ್ಯತ್ಯಾಸದಿಂದ.

ನಾಸಾದ ಟೆಸ್ 2018ರ ಏಪ್ರಿಲ್ 18ರಂದು ಮೇಲೇರಿತು. ಅದರಲ್ಲಿರುವುದು ನಾಲ್ಕು ಕ್ಯಾಮೆರಾ, ಒಂದೊಂದಕ್ಕೂ ಬೆಳಕು ಹೊಗುವ ಬಾಯಿ ಬರೀ 10.5 ಸೆಂ.ಮೀ. ಅನೇಕ ಹವ್ಯಾಸಿಗಳ ದೂರದರ್ಶಕವೇ ಅದಕ್ಕಿಂತ ದೊಡ್ಡದು. ಟೆಸ್‌ನ ಬಲ ಇರುವುದು ಬೇರೆ ಕಡೆ: ಅದರ ಮುಂದೆ ವಾತಾವರಣವಿಲ್ಲ, ಮತ್ತು 24 ಡಿಗ್ರಿ ಅಗಲ, 96 ಡಿಗ್ರಿ ಉದ್ದದ ಆಕಾಶದ ಪಟ್ಟಿಯನ್ನು ಅದು ಸುಮಾರು 27 ದಿನ ದಿಟ್ಟಿಸುತ್ತದೆ. ಶುಕ್ರ ಸಂಕ್ರಮಣದಲ್ಲಿ ಶುಕ್ರ ಸೂರ್ಯನ ಮುಂದೆ ಹಾದುಹೋಗುವಂತೆ, ದೂರದ ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದಾಗ ಬೆಳಕು ಚೂರು ತಗ್ಗುತ್ತದೆ. ಎಷ್ಟು ತಗ್ಗುತ್ತದೆ ಎಂಬುದಕ್ಕೆ ಲೆಕ್ಕ ಸುಲಭ: ಗ್ರಹದ ತ್ರಿಜ್ಯವನ್ನು ನಕ್ಷತ್ರದ ತ್ರಿಜ್ಯದಿಂದ ಭಾಗಿಸಿ ವರ್ಗ ಮಾಡಿ. ಗುರುವಿನಷ್ಟು ದೊಡ್ಡ ಗ್ರಹ ಸೂರ್ಯನಂಥ ನಕ್ಷತ್ರವನ್ನು ದಾಟಿದರೆ ಶೇ. 1ರಷ್ಟು, ಭೂಮಿಯಾದರೆ ಶೇ. 0.0084. ಮೊದಲನೆಯದು ನಿಮ್ಮ ಕೈಗೆ ಎಟಕುತ್ತದೆ. ಎರಡನೆಯದರ ಆಸೆ ಈಗಲೇ ಬಿಡಿ.

ನೆಲದಿಂದ ಮತ್ತೆ ನೋಡುವುದು ಯಾಕೆ ಬೇಕು

ಬಾಹ್ಯಾಕಾಶ ದೂರದರ್ಶಕ ಗ್ರಹವನ್ನು ಕಂಡು ಪ್ರಕಟಿಸಿದ ಮೇಲೂ ಅದರ ಮುಂದಿನ ಸಂಕ್ರಮಣದ ಹೊತ್ತು ಹಳಸುತ್ತಾ ಹೋಗುತ್ತದೆ. ಒಂದು ಗ್ರಹದ ಸುತ್ತಿನ ಅವಧಿ 3.5 ದಿನ, ಅದರಲ್ಲಿ 26 ಸೆಕೆಂಡಿನ ಅನಿಶ್ಚಿತತೆ ಇದೆ ಎಂದುಕೊಳ್ಳಿ. ಎರಡು ವರ್ಷದಲ್ಲಿ ಗ್ರಹ 209 ಸುತ್ತು ಹಾಕುತ್ತದೆ. ಸುತ್ತಿಗೆ 26 ಸೆಕೆಂಡಿನಂತೆ ತಪ್ಪು ಕೂಡುತ್ತಾ ಬಂದು ಒಂದೂವರೆ ಗಂಟೆ ಆಗುತ್ತದೆ. ಜೇಮ್ಸ್ ವೆಬ್‌ನಂಥ ದೂರದರ್ಶಕದಲ್ಲಿ ಸಮಯ ಸಿಗುವುದೇ ಕಷ್ಟ. ಸಿಕ್ಕ ಐದಾರು ಗಂಟೆಯಲ್ಲಿ ಒಂದೂವರೆ ಗಂಟೆ ಆಚೀಚೆಯಾದರೆ ಸಂಕ್ರಮಣದ ಅರ್ಧ ಭಾಗ ಕೈತಪ್ಪುತ್ತದೆ. ಅದೇ ಎರಡು ವರ್ಷದ ನಂತರ ಯಾರಾದರೂ ಒಂದೇ ಒಂದು ಸಂಕ್ರಮಣದ ನಡುಗಾಲವನ್ನು ಒಂದು ನಿಮಿಷದ ನಿಖರತೆಯಲ್ಲಿ ಅಳೆದುಕೊಟ್ಟರೆ, ಅವಧಿಯ ಅನಿಶ್ಚಿತತೆ 26 ಸೆಕೆಂಡಿನಿಂದ ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೆರಡು ವರ್ಷ ಬಿಟ್ಟು ಲೆಕ್ಕ ಹಾಕಿದರೂ ತಪ್ಪು ಎರಡು ನಿಮಿಷದ ಆಸುಪಾಸಿನಲ್ಲಿರುತ್ತದೆ. ಒಂದು ರಾತ್ರಿಯ ಕೆಲಸಕ್ಕೆ ಇಷ್ಟು ಫಲ ಖಗೋಳದ ಬೇರೆ ಯಾವ ಹವ್ಯಾಸದಲ್ಲೂ ಸಿಗುವುದು ಅಪರೂಪ.

ಇದು ಮೊದಲ ಕೆಲಸ. ಎರಡನೆಯದು, ಆ 21 ಆರ್ಕ್‌ಸೆಕೆಂಡಿನ ಮುದ್ದೆಯೊಳಗೆ ನಿಜಕ್ಕೂ ಮಂಕಾದವರು ಯಾರು ಎಂದು ಕಂಡುಹಿಡಿಯುವುದು. ಅದು ಕೊನೆಗೆ ಬರುತ್ತದೆ, ಮೊದಲನೆಯದು ಕೈಗೆ ಹತ್ತಿದ ಮೇಲಷ್ಟೇ ಅದಕ್ಕೆ ಇಳಿಯಬೇಕು.

ಏನೇನು ಬೇಕು

15ರಿಂದ 25 ಸೆಂ.ಮೀ. ವ್ಯಾಸದ ದೂರದರ್ಶಕ ಧಾರಾಳ. 8–10 ಸೆಂ.ಮೀ. ಇದ್ದರೂ ಪ್ರಕಾಶಮಾನ ನಕ್ಷತ್ರಗಳ ಮೇಲೆ ಕೆಲಸ ನಡೆಯುತ್ತದೆ. ದೂರದರ್ಶಕಕ್ಕಿಂತ ಹೆಚ್ಚಿನ ಚಿಂತೆ ಅದನ್ನು ಹೊತ್ತು ತಿರುಗಿಸುವ ಮೌಂಟ್‌ನದು: ಆಕಾಶದ ತಿರುಗುವಿಕೆಯನ್ನು ನಾಲ್ಕೈದು ಗಂಟೆ ಬಿಡದೆ ಹಿಂಬಾಲಿಸುವ ಈಕ್ವಟೋರಿಯಲ್ ಮೌಂಟ್, ಜೊತೆಗೆ ಅದು ದಾರಿ ತಪ್ಪಿದಾಗ ತಾನೇ ತಿದ್ದುವ ಆಟೋಗೈಡರ್. ಮೇಲೆ-ಕೆಳಗೆ, ಎಡ-ಬಲ ಮಾತ್ರ ತಿರುಗುವ ಆಲ್ಟ್-ಅಜಿಮತ್ ಮೌಂಟ್‌ನಲ್ಲಿ ಚಿತ್ರ ನಿಧಾನಕ್ಕೆ ತಿರುಗುತ್ತಾ ಹೋಗುವುದರಿಂದ ನಕ್ಷತ್ರಗಳು ಸೆನ್ಸರ್ ಮೇಲೆ ಅಲೆಯುತ್ತವೆ. ಮಾಡಲು ಆಗದು ಎಂದಲ್ಲ, ಆದರೆ ತಪ್ಪುಗಳಿಗೆ ಬಾಗಿಲು ತೆರೆದಿಟ್ಟ ಹಾಗೆ.

ಕ್ಯಾಮೆರಾ ಕಪ್ಪುಬಿಳುಪಿನದಾದರೆ ಒಳ್ಳೆಯದು, ತಂಪಾಗಿಸುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ಬಣ್ಣದ ಕ್ಯಾಮೆರಾ ಮಾತ್ರ ಇದ್ದರೆ ಹಸಿರು ಪಿಕ್ಸೆಲ್‌ಗಳನ್ನಷ್ಟೇ ಬೇರ್ಪಡಿಸಿ ಬಳಸಿ. ಕೆಂಪು ಫಿಲ್ಟರ್ ಇದ್ದರೆ ಹಾಕಿಕೊಳ್ಳಿ: ದಿಗಂತದತ್ತ ಇಳಿದಂತೆ ವಾತಾವರಣ ನೀಲಿಯನ್ನೇ ಹೆಚ್ಚು ತಿನ್ನುತ್ತದೆ, ಕೆಂಪಿನಲ್ಲಿ ಆ ಕಾಟ ಕಡಿಮೆ. ಬರೀ ನೀಲಿಯನ್ನು ತಡೆಯುವ ಫಿಲ್ಟರ್ ಕೂಡ ಮಂಕು ನಕ್ಷತ್ರಗಳಿಗೆ ಒಳ್ಳೆಯ ರಾಜಿ.

ಪಿಕ್ಸೆಲ್ ಅಳತೆ ತಿಳಿಯಲು, ಪಿಕ್ಸೆಲ್‌ನ ಗಾತ್ರವನ್ನು ಮೈಕ್ರಾನಿನಲ್ಲಿ ಬರೆದು 206.265ರಿಂದ ಗುಣಿಸಿ, ಸಂಗಮದೂರದ ಮಿಲಿಮೀಟರಿನಿಂದ ಭಾಗಿಸಿ. 3.76 ಮೈಕ್ರಾನ್, 1000 ಮಿ.ಮೀ. ಆದರೆ 0.78 ಆರ್ಕ್‌ಸೆಕೆಂಡ್, ಎರಡಕ್ಕೆರಡು ಬಿನ್ ಮಾಡಿದರೆ, ಅಂದರೆ ನಾಲ್ಕು ಪಿಕ್ಸೆಲ್ ಸೇರಿಸಿ ಒಂದಾಗಿಸಿದರೆ, 1.55. ಒಂದರಿಂದ ಎರಡರ ನಡುವೆ ಎಲ್ಲಿದ್ದರೂ ಸರಿ.

ಕಂಪ್ಯೂಟರಿನ ಗಡಿಯಾರ ಇಂಟರ್ನೆಟ್ ಸಮಯದೊಂದಿಗೆ ಅಥವಾ ಜಿಪಿಎಸ್ ಜೊತೆ ಹೊಂದಿಕೊಂಡಿರಲೇಬೇಕು, ಒಂದು ಸೆಕೆಂಡಿನೊಳಗೆ. ಇಲ್ಲಿ ಉತ್ಪತ್ತಿಯಾಗುವ ಮಾಲು ಸಮಯವೇ. ಗಡಿಯಾರ ಕೈಕೊಟ್ಟರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಗೋವಿಂದ.

ಗುರಿ ಆರಿಸುವುದು

ಮೊದಲ ಸಲಕ್ಕೆ ಟೆಸ್‌ನ ಹೊಸ ಅಭ್ಯರ್ಥಿಗಳ, ಅಂದರೆ ಗ್ರಹವೆಂದು ಇನ್ನೂ ಖಚಿತವಾಗದವುಗಳ, ಪಟ್ಟಿಗೆ ಕೈ ಹಾಕಬೇಡಿ. ಉತ್ತರ ಗೊತ್ತಿರುವ ಲೆಕ್ಕವನ್ನೇ ಮೊದಲು ಮಾಡಿ ನೋಡಬೇಕು. ಆಳವಾದ ತಗ್ಗು, ಚಿಕ್ಕ ಅವಧಿ, ಹದವಾದ ಪ್ರಕಾಶ, ಈ ಮೂರೂ ಇರುವ ಕೆಲವು ಗ್ರಹಗಳು ಇಲ್ಲಿವೆ.

ವಾಸ್ಪ್-43ಬಿ: ನಕ್ಷತ್ರದ ಕಾಂತಿಮಾನ 12.4 (ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು), ತಗ್ಗು ಶೇ. 2.5, ಸಂಕ್ರಮಣ ಬರೀ 1.2 ಗಂಟೆ, ಸುತ್ತು ಹತ್ತೊಂಬತ್ತೂವರೆ ಗಂಟೆಗೊಮ್ಮೆ. ಕಲಿಯುವವರಿಗೆ ಇದಕ್ಕಿಂತ ದಯಾಳು ಗ್ರಹ ಸಿಗುವುದು ಕಷ್ಟ.

ಭೀಮ ನಕ್ಷತ್ರಪುಂಜದಲ್ಲಿರುವ ಟ್ರೆಸ್-3ಬಿ: ಕಾಂತಿಮಾನ ಇದೂ 12.4, ಸಂಕ್ರಮಣ 1.3 ಗಂಟೆ. ಗ್ರಹ ನಕ್ಷತ್ರದ ಅಂಚಿನ ಹತ್ತಿರ ಹಾದುಹೋಗುವುದರಿಂದ ತಗ್ಗಿನ ತಳ ಚಪ್ಪಟೆಯಾಗಿರದೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಚೂಪಾಗಿರುತ್ತದೆ.

ದೇವಯಾನಿಯಲ್ಲಿರುವ ಹ್ಯಾಟ್-ಪಿ-32ಬಿ: ಕಾಂತಿಮಾನ 11.3, ತಗ್ಗು ಶೇ. 2.2. ಮೂರು ಗಂಟೆಗೂ ಮೀರಿದ ಸಂಕ್ರಮಣ, ಹಾಗಾಗಿ ಇಡೀ ರಾತ್ರಿ ಬೇಕು.

ಕನ್ಯಾದಲ್ಲಿರುವ ವಾಸ್ಪ್-39ಬಿ: ಕಾಂತಿಮಾನ 12.1, ತಗ್ಗು ಶೇ. 2.1, ಸಂಕ್ರಮಣ 2.8 ಗಂಟೆ. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಇಂಗಾಲದ ಡೈಆಕ್ಸೈಡನ್ನು ಗುರುತಿಸಿದ್ದು ಈ ಗ್ರಹದ ವಾತಾವರಣದಲ್ಲೇ. ಸೌರವ್ಯೂಹದ ಹೊರಗಿನ ಗ್ರಹವೊಂದರಲ್ಲಿ ಆ ಅನಿಲ ಖಚಿತವಾಗಿ ಸಿಕ್ಕಿದ್ದು ಅದೇ ಮೊದಲು. ಸುಮಾರು 700 ಜ್ಯೋತಿರ್ವರ್ಷ ದೂರದ ಅದೇ ಗ್ರಹದ ನೆರಳನ್ನು 20 ಸೆಂ.ಮೀ. ದೂರದರ್ಶಕದಲ್ಲಿ ಅಳೆಯಬಹುದು.

ಹೊಸಬರು ಬೀಳುವ ಹಳ್ಳ ಒಂದಿದೆ: ಎಚ್‌ಡಿ 189733ಬಿ. ಡಂಬ್‌ಬೆಲ್ ನೀಹಾರಿಕೆಯ ಮಗ್ಗುಲಲ್ಲೇ ಇದೆ, ಕಾಂತಿಮಾನ 7.7, ತಗ್ಗು ಶೇ. 2.4. ಇಷ್ಟು ಪ್ರಕಾಶಮಾನವಾದದ್ದು ಸುಲಭವೇ ಇರಬೇಕು ಎನಿಸುತ್ತದೆ. ಆದರೆ ಅದೇ ಚಿತ್ರದ ಚೌಕಟ್ಟಿನೊಳಗೆ ಹೋಲಿಸಿ ನೋಡಲು ಅಷ್ಟೇ ಪ್ರಕಾಶದ ಇನ್ನೊಂದು ನಕ್ಷತ್ರ ಸಿಗುವುದಿಲ್ಲ. ಗುರಿ ತುಂಬಿ ತುಳುಕಬಾರದೆಂದು ಎಕ್ಸ್‌ಪೋಶರ್ ಇಳಿಸಿದರೆ ಹೋಲಿಕೆಯ ನಕ್ಷತ್ರಗಳು ಗದ್ದಲದಲ್ಲಿ ಮುಳುಗುತ್ತವೆ.

ಯಾವ ರಾತ್ರಿ ಯಾವ ಸಂಕ್ರಮಣ ನಿಮ್ಮ ಅಕ್ಷಾಂಶ ರೇಖಾಂಶಕ್ಕೆ ಕಾಣುತ್ತದೆ ಎಂಬುದನ್ನು ನಾಸಾ ಎಕ್ಸೋಪ್ಲಾನೆಟ್ ಆರ್ಕೈವ್, ಸ್ವಾರ್ಥ್‌ಮೋರ್ ಕಾಲೇಜಿನ ಟ್ರಾನ್ಸಿಟ್ ಫೈಂಡರ್, ಜೆಕ್ ಖಗೋಳ ಸಂಘದ ಟ್ರಾನ್ಸಿಟ್ ಡೇಟಾಬೇಸ್, ಎಕ್ಸೋಕ್ಲಾಕ್, ಇವುಗಳಲ್ಲಿ ಯಾವುದು ಬೇಕಾದರೂ ಪುಕ್ಕಟೆ ಹೇಳುತ್ತದೆ. ಎಕ್ಸೋಕ್ಲಾಕ್ ಯುರೋಪಿನ ಮುಂದಿನ ಏರಿಯಲ್ ಬಾಹ್ಯಾಕಾಶ ದೂರದರ್ಶಕಕ್ಕೆ ಬೇಕಾದ ಗ್ರಹಗಳ ವೇಳಾಪಟ್ಟಿಯನ್ನು ತಾಜಾ ಇಡುವುದಕ್ಕಾಗಿಯೇ 2019ರಲ್ಲಿ ಹುಟ್ಟಿದ್ದು. ಯಾವ ಗ್ರಹದ ಲೆಕ್ಕ ಹೆಚ್ಚು ಹಳಸಿದೆ ಎಂದು ಆದ್ಯತೆಯ ಕ್ರಮದಲ್ಲಿ ತೋರಿಸುತ್ತದೆ, ನಿಮ್ಮ ದೂರದರ್ಶಕದ ಗಾತ್ರಕ್ಕೆ ತಕ್ಕವನ್ನು ಹೆಕ್ಕಿಯೂ ಕೊಡುತ್ತದೆ.

ಆರಿಸುವಾಗ ಮೂರು ಷರತ್ತು. ಸಂಕ್ರಮಣ ಶುರುವಾಗುವ ಒಂದು ಗಂಟೆ ಮೊದಲಿನಿಂದ ಮುಗಿದ ಒಂದು ಗಂಟೆಯವರೆಗೆ ಕತ್ತಲಿರಬೇಕು. ಅಷ್ಟೂ ಹೊತ್ತು ನಕ್ಷತ್ರ ದಿಗಂತದಿಂದ 30 ಡಿಗ್ರಿಗಿಂತ ಮೇಲಿರಬೇಕು. ತುಂಬು ಚಂದ್ರ ಹತ್ತಿರ ಸುಳಿಯಬಾರದು. ಮುಂಚಿನ ಮತ್ತು ನಂತರದ ಆ ಒಂದೊಂದು ಗಂಟೆಯನ್ನು ಉಳಿಸಲು ಹೋಗಬೇಡಿ. ತಗ್ಗು ಎಷ್ಟು ಆಳ ಎಂದು ಹೇಳಬೇಕಾದರೆ ಸಮತಟ್ಟು ನೆಲ ಎಲ್ಲಿತ್ತು ಎಂದು ಗೊತ್ತಿರಬೇಕಲ್ಲ.

ಎಕ್ಸ್‌ಪೋಶರ್: ಬೇಕೆಂದೇ ಫೋಕಸ್ ಕೆಡಿಸುವುದು

ಚಂದದ ಚಿತ್ರ ತೆಗೆದು ರೂಢಿಯಾದವರಿಗೆ ಈ ಹಂತ ಸಂಕಟ ತರುತ್ತದೆ. ಇಲ್ಲಿ ನಕ್ಷತ್ರ ಚೂಪಾಗಿರಬಾರದು. ಸೂಜಿಮೊನೆಯಂಥ ನಕ್ಷತ್ರದ ಬೆಳಕೆಲ್ಲ ಎರಡು ಮೂರು ಪಿಕ್ಸೆಲ್‌ಗೆ ಬಿದ್ದರೆ ಅವು ಬೇಗ ತುಂಬುತ್ತವೆ, ಮೇಲಾಗಿ ಒಂದು ಪಿಕ್ಸೆಲ್‌ಗೂ ಇನ್ನೊಂದಕ್ಕೂ ಇರುವ ಸಂವೇದನೆಯ ವ್ಯತ್ಯಾಸ ನೇರ ನಿಮ್ಮ ಅಳತೆಗೆ ಇಳಿಯುತ್ತದೆ. ಫೋಕಸನ್ನು ಸ್ವಲ್ಪ ಸರಿಸಿ, ನಕ್ಷತ್ರದ ಅರ್ಧ ಎತ್ತರದ ಅಗಲ, ಅಂದರೆ ಬೆಳಕು ನಡುವಿನ ಅರ್ಧಕ್ಕೆ ಇಳಿಯುವಲ್ಲಿನ ಅಗಲ, 5ರಿಂದ 8 ಪಿಕ್ಸೆಲ್ ಆಗುವಂತೆ ಮಾಡಿ. ಬಣ್ಣದ ಕ್ಯಾಮೆರಾಗೆ ಇದು ಕಡ್ಡಾಯ. ಇಲ್ಲದಿದ್ದರೆ ನಕ್ಷತ್ರ ಹಸಿರು ಪಿಕ್ಸೆಲ್‌ನಿಂದ ಕೆಂಪಿಗೆ ಜಾರಿದಾಗಲೆಲ್ಲ ಬೆಳಕು ಕಡಿಮೆಯಾದಂತೆ ಕಾಣುತ್ತದೆ. ಪಕ್ಕದಲ್ಲೇ ಇನ್ನೊಂದು ನಕ್ಷತ್ರವಿದ್ದರೆ ಮಾತ್ರ ಕೈ ಬಿಗಿ ಹಿಡಿಯಿರಿ, ಎರಡೂ ಕಲಸಿಹೋಗಬಾರದು.

ಎಕ್ಸ್‌ಪೋಶರ್ ಎಷ್ಟು? ಗುರಿಯದಾಗಲಿ ಹೋಲಿಕೆಯದಾಗಲಿ, ನಕ್ಷತ್ರದ ಅತಿ ಪ್ರಕಾಶದ ಪಿಕ್ಸೆಲ್ 65,535ರ ಅಳತೆಯಲ್ಲಿ 40,000 ದಾಟದಿರಲಿ. ಸಂಜೆ 30,000ಕ್ಕೆ ಹೊಂದಿಸಿದರೆ ಸುರಕ್ಷಿತ: ನಕ್ಷತ್ರ ಮೇಲೇರಿದಂತೆ, ಗಾಳಿ ಸ್ತಬ್ಧವಾದಂತೆ ಆ ಅಂಕಿ ತಾನಾಗಿ ಏರುತ್ತದೆ. ಸಾಮಾನ್ಯವಾಗಿ 30ರಿಂದ 120 ಸೆಕೆಂಡಿನ ನಡುವೆ ಬಂದು ನಿಲ್ಲುತ್ತೀರಿ.

ಕೆಳಮಿತಿಯನ್ನು ಹೇಳುವುದು ವಾತಾವರಣ. ನಕ್ಷತ್ರದ ಮಿನುಗು ಕಣ್ಣಿಗೆ ಹಬ್ಬ, ಅಳತೆಗೆ ಪೀಡೆ. ಸಮುದ್ರಮಟ್ಟದಲ್ಲಿ 20 ಸೆಂ.ಮೀ. ದೂರದರ್ಶಕದಿಂದ ನೆತ್ತಿಯ ಮೇಲಿನ ನಕ್ಷತ್ರವನ್ನು 10 ಸೆಕೆಂಡ್ ಎಕ್ಸ್‌ಪೋಶರಿನಲ್ಲಿ ತೆಗೆದರೆ ಮಿನುಗೊಂದರಿಂದಲೇ ಸಾವಿರಕ್ಕೆ 2.7ರಷ್ಟು ಏರಿಳಿತ ಬರುತ್ತದೆ. 60 ಸೆಕೆಂಡಿಗೆ ಹೋದರೆ ಸಾವಿರಕ್ಕೆ 1.1. ಅದೇ 60 ಸೆಕೆಂಡ್, ಆದರೆ ನಕ್ಷತ್ರ 30 ಡಿಗ್ರಿ ಎತ್ತರಕ್ಕೆ ಇಳಿದಿದೆ ಎಂದರೆ ಸಾವಿರಕ್ಕೆ 3.7. ಶೇ. 2.5ರ ತಗ್ಗು ಅಂದರೆ ಸಾವಿರಕ್ಕೆ 25, ಹಾಗಾಗಿ ವಾಸ್ಪ್-43ಬಿಗೆ ಇದೆಲ್ಲ ಸಹ್ಯ. ಸಾವಿರಕ್ಕೆ 5ರ ತಗ್ಗಿಗೆ ಸಹ್ಯವಲ್ಲ. ಇದರ ಮೇಲೆ ಬೆಳಕಿನ ಕಣಗಳದೇ ಗದ್ದಲ ಕೂಡುತ್ತದೆ: ಒಟ್ಟು 4 ಲಕ್ಷ ಎಲೆಕ್ಟ್ರಾನ್ ಕೂಡಿದರೆ ಅದರ ವರ್ಗಮೂಲ 632, ಅಂದರೆ ಸಾವಿರಕ್ಕೆ 1.6.

ಒಮ್ಮೆ ಹೊಂದಿಸಿದ ಮೇಲೆ ಎಕ್ಸ್‌ಪೋಶರ್, ಗೇನ್, ಫೋಕಸ್, ಕ್ಯಾಮೆರಾದ ತಾಪಮಾನ, ಯಾವುದನ್ನೂ ರಾತ್ರಿ ಮುಗಿಯುವ ತನಕ ಮುಟ್ಟಬೇಡಿ. ‘ಸ್ವಲ್ಪ ಸರಿಮಾಡೋಣ’ ಎಂದು ನಡುರಾತ್ರಿ ಫೋಕಸ್ ತಿರುಗಿಸಿದ ಗುರುತು, ಹೊತ್ತಿನೊಂದಿಗೆ ಬೆಳಕು ಬದಲಾದದ್ದನ್ನು ತೋರಿಸುವ ಮರುದಿನದ ಗೆರೆಯಲ್ಲಿ ಮೆಟ್ಟಿಲಾಗಿ ನಿಂತಿರುತ್ತದೆ. ಚಿತ್ರ ಚಿತ್ರಕ್ಕೂ ದೂರದರ್ಶಕವನ್ನು ಬೇಕೆಂದೇ ಚೂರು ಸರಿಸುವ, ಚಿತ್ರಗಾರರ ಮೆಚ್ಚಿನ ಡಿದರಿಂಗ್ ಅನ್ನು ಕಡ್ಡಾಯವಾಗಿ ಆಫ್ ಮಾಡಿ. ನಕ್ಷತ್ರದ ನಡುಬಿಂದು ಇಡೀ ರಾತ್ರಿ ಅದೇ ನಾಲ್ಕೈದು ಪಿಕ್ಸೆಲ್ ಒಳಗೆ ಕೂತಿರಬೇಕು.

ಫ್ಲ್ಯಾಟ್ ಎಂಬ ಅಗ್ನಿಪರೀಕ್ಷೆ

ಸೆನ್ಸರಿನ ಗಾಜಿನ ಮೇಲೆ ಕೂತ ಒಂದು ಧೂಳಿನ ಕಣ ಬಳೆಯಾಕಾರದ ನೆರಳು ಚೆಲ್ಲುತ್ತದೆ. ಆ ನೆರಳಿನಲ್ಲಿ ಬೆಳಕು ಶೇ. 1–2ರಷ್ಟು ಕಡಿಮೆ. ಈ ಅಂಕಿಯನ್ನು ಮೇಲಿನ ಗ್ರಹಗಳ ತಗ್ಗಿನೊಂದಿಗೆ ಹೋಲಿಸಿ ನೋಡಿ. ನಿಮ್ಮ ನಕ್ಷತ್ರ ಎರಡು ಗಂಟೆಯಲ್ಲಿ ನಿಧಾನಕ್ಕೆ ಆ ಬಳೆಯನ್ನು ಹೊಕ್ಕು ಹೊರಬಂದರೆ, ಅಚ್ಚುಕಟ್ಟಾದ ಸಂಕ್ರಮಣವೊಂದು ಸಿದ್ಧ. ಗ್ರಹ ಮಾತ್ರ ಇಲ್ಲ!

ಹಾಗಾಗಿ ಇಂಥ ನೆರಳುಗಳನ್ನು ತಿದ್ದುವ ಫ್ಲ್ಯಾಟ್ ಚೌಕಟ್ಟುಗಳನ್ನು ಉದಾಸೀನ ಮಾಡುವಂತಿಲ್ಲ. ಮುಸ್ಸಂಜೆಯ ನೆತ್ತಿಯ ಆಕಾಶಕ್ಕೋ ಸಮನಾಗಿ ಬೆಳಗುವ ಫಲಕಕ್ಕೋ ದೂರದರ್ಶಕ ತಿರುಗಿಸಿ, ಸೆನ್ಸರಿನ ಸಾಮರ್ಥ್ಯದ ಅರ್ಧಕ್ಕೆ ಬೆಳಕು ತುಂಬುವಂತೆ 30ರಿಂದ 50 ಚಿತ್ರ ತೆಗೆಯಿರಿ. ಗುರಿಗೆ ಬಳಸುವ ಅದೇ ಫಿಲ್ಟರ್, ಕೆಡಿಸಿಟ್ಟ ಅದೇ ಫೋಕಸ್, ಕ್ಯಾಮೆರಾದ ಅದೇ ಕೋನ ಇರಬೇಕು. ಫ್ಲ್ಯಾಟ್ ತೆಗೆದಾದ ಮೇಲೆ ಕ್ಯಾಮೆರಾ ಬಿಚ್ಚಿದರೆ ಆ ಫ್ಲ್ಯಾಟ್ ಕಸದ ಬುಟ್ಟಿಗೆ. ಮುಚ್ಚಳ ಹಾಕಿ ತೆಗೆಯುವ ಡಾರ್ಕ್ ಚಿತ್ರಗಳೂ 30, ಗುರಿಯದೇ ಎಕ್ಸ್‌ಪೋಶರ್ ಮತ್ತು ತಾಪಮಾನದಲ್ಲಿ. ಫ್ಲ್ಯಾಟ್‌ನ ಎಕ್ಸ್‌ಪೋಶರಿಗೂ ಬೇರೆ ಡಾರ್ಕ್ ತೆಗೆಯುವುದು ಒಳ್ಳೆಯದು.

ಜರ್ಮನ್ ಮಾದರಿಯ ಈಕ್ವಟೋರಿಯಲ್ ಮೌಂಟ್ ಇದ್ದವರು, ಉತ್ತರ-ದಕ್ಷಿಣವಾಗಿ ನೆತ್ತಿಯ ಮೇಲೆ ಹಾಯುವ ಮಧ್ಯಾಹ್ನರೇಖೆಯನ್ನು ನಕ್ಷತ್ರ ದಾಟುವ ಹೊತ್ತನ್ನು ಮೊದಲೇ ಗುರುತು ಹಾಕಿಕೊಳ್ಳಿ. ಆಗ ದೂರದರ್ಶಕ ಮಗ್ಗುಲು ಬದಲಿಸಿ ನಕ್ಷತ್ರ ಸೆನ್ಸರಿನ ಎದುರು ಮೂಲೆಗೆ ಹೋಗುತ್ತದೆ, ಗೆರೆ ಅಲ್ಲಿ ಜಿಗಿಯುತ್ತದೆ. ಆ ಜಿಗಿತ ಸಂಕ್ರಮಣದ ಶುರುವಿಗೋ ಕೊನೆಗೋ ಸರಿಯಾಗಿ ಬಿದ್ದರೆ ಆ ರಾತ್ರಿಯನ್ನು ಬಿಟ್ಟು ಬೇರೆ ರಾತ್ರಿ ಹುಡುಕುವುದೇ ಜಾಣತನ.

ಅಳೆಯುವುದು

ಆಸ್ಟ್ರೋಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆಂದೇ ಇದೆ. ವೃತ್ತಿಪರರೂ ಅದನ್ನೇ ಬಳಸುತ್ತಾರೆ. ಚಿತ್ರಗಳನ್ನು ಖಗೋಳದವರು ಬಳಸುವ ಫಿಟ್ಸ್ ಕಡತದ ರೂಪದಲ್ಲೇ ಕೊಡಿ. ಡಾರ್ಕ್ ಕಳೆದು ಫ್ಲ್ಯಾಟ್‌ನಿಂದ ಭಾಗಿಸುವುದು ಮೊದಲ ಹೆಜ್ಜೆ. ಆಮೇಲೆ ಪ್ರತಿ ಚಿತ್ರಕ್ಕೂ ಆಕಾಶದ ನಿರ್ದೇಶಾಂಕ ಹೊಂದಿಸುವ ಪ್ಲೇಟ್ ಸಾಲ್ವ್.

ಈಗ ಗುರಿಯ ಸುತ್ತ ಮೂರು ವೃತ್ತ. ಒಳಗಿನದು ನಕ್ಷತ್ರದ ಬೆಳಕು ಕೂಡಿಸಲು, ಹೊರಗಿನ ಎರಡರ ನಡುವಿನ ಬಳೆ ಹಿನ್ನೆಲೆಯ ಆಕಾಶ ಕಳೆಯಲು. ನಕ್ಷತ್ರದ ಅಗಲ 5 ಪಿಕ್ಸೆಲ್ ಇದ್ದರೆ ಒಳವೃತ್ತದ ತ್ರಿಜ್ಯ 8–10, ಬಳೆ 18ರಿಂದ 30ರವರೆಗೆ ಎಂದು ಶುರುಮಾಡಿ, ಒಂದೊಂದು ಪಿಕ್ಸೆಲ್ ಹೆಚ್ಚುಕಡಿಮೆ ಮಾಡಿ ಯಾವುದರಲ್ಲಿ ಚದುರುವಿಕೆ ಕನಿಷ್ಠವೋ ಅದನ್ನು ಇಟ್ಟುಕೊಳ್ಳಿ.

ಹೋಲಿಕೆ ನಕ್ಷತ್ರಗಳೇ ತಕ್ಕಡಿಯ ಇನ್ನೊಂದು ತಟ್ಟೆ. ತೆಳುಮೋಡ ಬಂದಾಗ ಗುರಿಯೂ ಅವೂ ಒಟ್ಟಿಗೆ ಮಂಕಾಗುತ್ತವೆ, ಭಾಗಿಸಿದರೆ ಮೋಡ ಮಾಯವಾಗುತ್ತದೆ. ಒಂದರ ಮೇಲೆ ಭಾರ ಹಾಕದೆ 5ರಿಂದ 10 ನಕ್ಷತ್ರ ಆರಿಸಿ. ಪ್ರಕಾಶ ಗುರಿಯ ಆಸುಪಾಸಿನದಿರಲಿ, ಬಣ್ಣವೂ ಹತ್ತಿರದ್ದಿರಲಿ. ವಾಸ್ಪ್-43 ಕಿತ್ತಳೆ ಬಣ್ಣದ ತಂಪು ನಕ್ಷತ್ರ. ಅದನ್ನು ನೀಲಿ ನಕ್ಷತ್ರಗಳ ಜೊತೆ ತೂಗಿದರೆ, ಎತ್ತರ ಬದಲಾದಂತೆ ವಾತಾವರಣ ಎರಡನ್ನೂ ಬೇರೆ ಬೇರೆಯಾಗಿ ತಿಂದು ಇಡೀ ಗೆರೆ ಓರೆಯಾಗುತ್ತದೆ. ಆರಿಸಿದ ಮೇಲೆ ಒಂದೊಂದನ್ನೇ ತೆಗೆದು ನೋಡಿ: ಯಾವುದನ್ನು ತೆಗೆದಾಗ ಗೆರೆ ಶಾಂತವಾಗುತ್ತದೋ ಅದು ಸ್ವತಃ ಮಿಡಿಯುವ ನಕ್ಷತ್ರ ಇರಬಹುದು, ಇಲ್ಲವೇ ಚೌಕಟ್ಟಿನ ಕೆಟ್ಟ ಮೂಲೆಯಲ್ಲಿರಬಹುದು. ಹೋಲಿಕೆ ನಕ್ಷತ್ರಗಳನ್ನು ಪರಸ್ಪರ ತೂಗಿದಾಗ ಅವುಗಳಲ್ಲಿ ತಗ್ಗು ಕಾಣಬಾರದು. ಕಂಡರೆ ತಪ್ಪು ನಿಮ್ಮ ಉಪಕರಣದ್ದು.

ನಂತರ ಮಾದರಿ ಗೆರೆ ಕೂರಿಸುವುದು. ಸುತ್ತಿನ ಅವಧಿ ಮತ್ತು ನಕ್ಷತ್ರದ ಅಂಚು ಮಸುಕಾಗುವ ಗುಣಾಂಕಗಳನ್ನು ಪ್ರಕಟಿತ ಮೌಲ್ಯಕ್ಕೆ ಕಟ್ಟಿಹಾಕಿ. ನಡುಗಾಲ, ತ್ರಿಜ್ಯಗಳ ಅನುಪಾತ, ಕಕ್ಷೆಯ ಓರೆ, ಇವು ಸ್ವತಂತ್ರವಾಗಿರಲಿ. ಗೆರೆಯ ಓರೆ ತೆಗೆಯಲು ವಾತಾವರಣದ ದಪ್ಪ, ನಕ್ಷತ್ರದ ಅಗಲ, ಸೆನ್ಸರ್ ಮೇಲಿನ ಸ್ಥಾನ, ಹಿನ್ನೆಲೆಯ ಬೆಳಕು ಎಂಬ ಗುಂಡಿಗಳಿವೆ. ಒಂದು, ಹೆಚ್ಚೆಂದರೆ ಎರಡು ಒತ್ತಿ. ಗೆರೆ ಎಷ್ಟು ಹೊಂದಿತು ಎಂಬುದನ್ನು ಒತ್ತಿದ ತಿದ್ದುಪಡಿಗಳ ಸಂಖ್ಯೆಗೆ ದಂಡ ಹಾಕಿ ತೂಗುವ, ತಂತ್ರಾಂಶ ತೋರಿಸುವ ಬಿಐಸಿ ಎಂಬ ಅಂಕಿ ಸ್ಪಷ್ಟವಾಗಿ ಇಳಿದರೆ ಮಾತ್ರ ಆ ತಿದ್ದುಪಡಿಗೆ ಅರ್ಥವಿದೆ. ನಾಲ್ಕೈದು ಒತ್ತುತ್ತಾ ಹೋದರೆ ಇಲ್ಲದ ಸಂಕ್ರಮಣವನ್ನೂ ಹುಟ್ಟಿಸಬಹುದು, ಇರುವುದನ್ನೂ ಇಸ್ತ್ರಿ ಹೊಡೆದು ಅಳಿಸಬಹುದು.

ಸಮಯದ ಲೆಕ್ಕ

ಭೂಮಿ ಸೂರ್ಯನನ್ನು ಸುತ್ತುವುದರಿಂದ ಅದೇ ನಕ್ಷತ್ರದ ಬೆಳಕು ವರ್ಷದ ಒಂದು ಕಾಲದಲ್ಲಿ ನಮಗೆ ಎಂಟು ನಿಮಿಷ ಮುಂಚೆ, ಇನ್ನೊಂದು ಕಾಲದಲ್ಲಿ ಎಂಟು ನಿಮಿಷ ತಡವಾಗಿ ತಲುಪಬಹುದು. ಹಾಗಾಗಿ ಎಲ್ಲರೂ ಸೌರವ್ಯೂಹದ ಗುರುತ್ವ ಕೇಂದ್ರದಲ್ಲಿ ನಿಂತು ನೋಡಿದಂತೆ ಸಮಯ ಬರೆಯುತ್ತಾರೆ. ಅದರ ಹೆಸರು ಬಿಜೆಡಿ-ಟಿಡಿಬಿ. ಗಡಿಯಾರ ತೋರಿಸುವ ಜಾಗತಿಕ ಸಮಯ ಯುಟಿಸಿಗೂ ಟಿಡಿಬಿಗೂ ಈಗ 69.184 ಸೆಕೆಂಡಿನ ವ್ಯತ್ಯಾಸವಿದೆ: ಆರಂಭದಲ್ಲೇ ಇದ್ದ 10 ಸೆಕೆಂಡು, ಆಮೇಲೆ ಸೇರಿದ 27 ಅಧಿಕ ಸೆಕೆಂಡು, ಜೊತೆಗೆ 32.184. ಸ್ಥಳ ಮತ್ತು ನಕ್ಷತ್ರದ ನಿರ್ದೇಶಾಂಕ ಸರಿಯಾಗಿ ಕೊಟ್ಟರೆ ತಂತ್ರಾಂಶವೇ ಪರಿವರ್ತಿಸುತ್ತದೆ.

ನಡುಗಾಲ ತಪ್ಪಾಗಿ ಬಂದರೆ ಎಷ್ಟು ತಪ್ಪಿದೆ ಎಂಬುದೇ ಕಾರಣ ಹೇಳುತ್ತದೆ. ಸುಮಾರು 69 ಸೆಕೆಂಡ್ ತಪ್ಪಿದ್ದರೆ ಯುಟಿಸಿ-ಟಿಡಿಬಿ ಗೊಂದಲ. ಎಂಟು ನಿಮಿಷದೊಳಗಿನ, ತಿಂಗಳು ತಿಂಗಳಿಗೆ ಬದಲಾಗುವ ತಪ್ಪಾದರೆ ಕೇಂದ್ರಕ್ಕೆ ಪರಿವರ್ತನೆ ಆಗಿಲ್ಲ. ಎಕ್ಸ್‌ಪೋಶರಿನ ಸರಿಯಾಗಿ ಅರ್ಧದಷ್ಟು ತಪ್ಪಿದ್ದರೆ ಎಕ್ಸ್‌ಪೋಶರ್ ಶುರುವಾದ ಹೊತ್ತನ್ನೇ ಅದರ ನಡುವಿನ ಹೊತ್ತೆಂದು ತಿಳಿದಿದ್ದೀರಿ. ತುಂಬು ಗಂಟೆ ಅಥವಾ ಅರ್ಧ ಗಂಟೆಯ ಲೆಕ್ಕದಲ್ಲಿ ತಪ್ಪಿದ್ದರೆ ಸ್ಥಳೀಯ ಸಮಯ ನುಸುಳಿದೆ.

ಗೆರೆ ಕೆಟ್ಟರೆ ಎಲ್ಲಿ ನೋಡಬೇಕು

ಏಳೆಂಟು ನಿಮಿಷಕ್ಕೊಮ್ಮೆ ಅಲೆ ಏಳುತ್ತಿದ್ದರೆ ಮೌಂಟನ್ನು ತಿರುಗಿಸುವ ವರ್ಮ್ ಗೇರ್ ಎಂಬ ಹಲ್ಲುಚಕ್ರದ ಸುತ್ತಿನೊಂದಿಗೆ ತಾಳೆ ನೋಡಿ. ನಕ್ಷತ್ರ ಹಿಂದೆಮುಂದೆ ತೂಗಾಡುತ್ತಿದೆ, ಫ್ಲ್ಯಾಟ್ ಅದನ್ನು ತಿದ್ದುತ್ತಿಲ್ಲ. ಎಲ್ಲ ನಕ್ಷತ್ರಗಳೂ ಒಟ್ಟಿಗೆ, ಮೆಲ್ಲಗೆ, ವಾಪಸು ಬಾರದಂತೆ ಮಂಕಾಗುತ್ತಿದ್ದರೆ ಗಾಜಿನ ಮೇಲೆ ಇಬ್ಬನಿ ಕೂತಿದೆ. ಬೆಳಗಿನ ಜಾವ ಗೆರೆಯ ಬಾಲ ಮೇಲೋ ಕೆಳಗೋ ಬಾಗಿದರೆ ಆಕಾಶ ಬೆಳಗಾಗುತ್ತಿದೆ. ಆ ಬಿಂದುಗಳನ್ನು ಕತ್ತರಿಸಿ. ರಾತ್ರಿ ಮೇಲೇರುತ್ತಿದ್ದ ಪ್ರಕಾಶ ಒಂದು ಮಟ್ಟದಲ್ಲಿ ಗೋಡೆಗೆ ತಲೆ ತಾಗಿದಂತೆ ನಿಂತರೆ ಪಿಕ್ಸೆಲ್ ತುಂಬಿದೆ, ಅದಕ್ಕೆ ಪರಿಹಾರವಿಲ್ಲ.

ಸ್ಮಾರ್ಟ್ ಟೆಲಿಸ್ಕೋಪ್ ಇದ್ದವರಿಗೆ ಒಂದೇ ಮಾತು: ಅದು ತಾನೇ ಪೇರಿಸಿ ಮೆರುಗು ಕೊಟ್ಟ ಚಿತ್ರ ಅಳತೆಗೆ ಬರುವುದಿಲ್ಲ. ಒಂದೊಂದು ಬಿಡಿ ಚೌಕಟ್ಟನ್ನೂ ಫಿಟ್ಸ್ ಆಗಿ ಉಳಿಸುವ ಆಯ್ಕೆ ಹುಡುಕಿ ಆನ್ ಮಾಡಿ.

ದೂರದರ್ಶಕವೇ ಇಲ್ಲದವರೂ ಇದರಲ್ಲಿ ಕೈಯಾಡಿಸಬಹುದು. ನಾಸಾದ ಎಕ್ಸೋಪ್ಲಾನೆಟ್ ವಾಚ್ ಯೋಜನೆ ಬೇರೆ ದೂರದರ್ಶಕಗಳು ತೆಗೆದಿಟ್ಟ ಚಿತ್ರಗಳನ್ನು ಕೊಡುತ್ತದೆ, ಅಳೆಯುವ ಎಕ್ಸೋಟಿಕ್ ತಂತ್ರಾಂಶ ಬ್ರೌಸರಿನಲ್ಲೇ ನಡೆಯುತ್ತದೆ. ಪ್ಲಾನೆಟ್ ಹಂಟರ್ಸ್ ಎಂಬ ಜಾಲತಾಣದಲ್ಲಿ ಬಾಹ್ಯಾಕಾಶ ದೂರದರ್ಶಕದ ಗೆರೆಗಳನ್ನೇ ಕಣ್ಣಿನಿಂದ ನೋಡಿ ಗುರುತು ಹಾಕುವ ಕೆಲಸವಿದೆ. ಟೆಸ್‌ಗೂ ಮೊದಲಿನ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಲ್ಲಿ ಕೆಐಸಿ 8462852 ಎಂಬ ನಕ್ಷತ್ರ ಒಮ್ಮೊಮ್ಮೆ ಶೇ. 22ರವರೆಗೆ ಮಂಕಾಗುವುದನ್ನು ಹಿಡಿದದ್ದು ಅಲ್ಲಿನ ಸ್ವಯಂಸೇವಕರು. ಕ್ರಮಬದ್ಧ ತಗ್ಗನ್ನೇ ಹುಡುಕುವ ಕಂಪ್ಯೂಟರ್ ಇಂಥ ಅಡ್ಡಾದಿಡ್ಡಿ ತಗ್ಗನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಗ್ರಹ ಕಾಣದ ರಾತ್ರಿಯ ಕೆಲಸ

ಈಗ ಎರಡನೇ ಕೆಲಸ. ಟೆಸ್ ಒಂದು ನಕ್ಷತ್ರದಲ್ಲಿ ಸಾವಿರಕ್ಕೆ 5ರ ತಗ್ಗು ಕಂಡಿದೆ ಎನ್ನಿ. ಅದು ಗ್ರಹವೇ ಆಗಬೇಕಿಲ್ಲ. ಅದೇ ಮುದ್ದೆಯೊಳಗಿನ ಮಂಕು ನೆರೆಯೊಂದು ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರವಾಗಿದ್ದು, ಅದರ ದೊಡ್ಡ ತಗ್ಗು ಗುರಿಯ ಬೆಳಕಿನಲ್ಲಿ ಕರಗಿ ಚಿಕ್ಕದಾಗಿ ಕಾಣುತ್ತಿರಬಹುದು. ನೆರೆಯ ನಕ್ಷತ್ರ 3 ಕಾಂತಿಮಾನ ಮಂಕಿದ್ದರೆ ಅದು ಶೇ. 8ರಷ್ಟು ತಗ್ಗಿರಬೇಕು, 5 ಕಾಂತಿಮಾನ ಮಂಕಿದ್ದರೆ ಶೇ. 50. ವ್ಯತ್ಯಾಸ 5.75 ದಾಟಿದರೆ ಆ ನಕ್ಷತ್ರ ಪೂರ್ತಿ ಆರಿಹೋದರೂ ಸಾವಿರಕ್ಕೆ 5 ಆಗದು, ಅದನ್ನು ಪಟ್ಟಿಯಿಂದ ಹೊಡೆದುಹಾಕಿ.

ಗುರಿಯ ಸುತ್ತ ಎರಡೂವರೆ ಆರ್ಕ್‌ಮಿನಿಟ್ ಒಳಗಿನ ನಕ್ಷತ್ರಗಳನ್ನೆಲ್ಲ ಯುರೋಪಿನ ಗಾಯಾ ಬಾಹ್ಯಾಕಾಶ ದೂರದರ್ಶಕದ ನಕ್ಷತ್ರಪಟ್ಟಿಯಿಂದ ತೆಗೆದು, ಸಂಕ್ರಮಣದ ಹೊತ್ತಿನಲ್ಲಿ ಒಂದೊಂದಕ್ಕೂ ಪ್ರತ್ಯೇಕ ಗೆರೆ ಬರೆಯಿರಿ. ಇಲ್ಲಿ ಎಕ್ಸ್‌ಪೋಶರಿನ ನಿಯಮ ತಿರುಗುಮುರುಗು: ಮಂಕು ನೆರೆಗಳು ಚೆನ್ನಾಗಿ ಕಾಣಲಿ ಎಂದು ಎಕ್ಸ್‌ಪೋಶರ್ ಉದ್ದ ಮಾಡಿ, ಗುರಿ ತುಂಬಿಹೋದರೂ ಚಿಂತೆಯಿಲ್ಲ. ಫೋಕಸನ್ನೂ ಈ ಸಲ ಕೆಡಿಸದೆ ಚೂಪಾಗಿಯೇ ಇಡಿ. ನೆರೆಯಲ್ಲೊಂದು ಶೇ. 30 ತಗ್ಗಿದ್ದು ಕಂಡರೆ ಆ ಅಭ್ಯರ್ಥಿಯ ಕಥೆ ಮುಗಿಯಿತು. ಯಾವುದೂ ತಗ್ಗದಿದ್ದರೆ, ಗುರಿಯ ತಗ್ಗು ನಿಮ್ಮ ಅಳತೆಗೆ ಸಿಗದಷ್ಟು ಚಿಕ್ಕದಿದ್ದರೂ, ‘ನೆರೆಯವರು ನಿರಪರಾಧಿಗಳು’ ಎಂಬ ವರದಿಗೆ ಬೆಲೆಯಿದೆ. ಟೆಸ್ ಅಭ್ಯರ್ಥಿಗಳನ್ನು ನೆಲದಿಂದ ಪರಿಶೀಲಿಸುವ ಗುಂಪಿಗೆ ಸೇರಬೇಕಾದರೆ ಮೊದಲು ಇಂಥ ಕೆಲಸದ ಮಾದರಿಗಳನ್ನು ತೋರಿಸಬೇಕಾಗುತ್ತದೆ.

ಗೊತ್ತಿರುವ ಗ್ರಹಗಳ ಅಳತೆ ಎಕ್ಸೋಕ್ಲಾಕ್‌ಗೋ ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘ ಎಎವಿಎಸ್‌ಒದ ಎಕ್ಸೋಪ್ಲಾನೆಟ್ ಡೇಟಾಬೇಸ್‌ಗೋ ಹೋಗಲಿ. ಸಮಯ, ಸಾಪೇಕ್ಷ ಪ್ರಕಾಶ, ಅದರ ಅನಿಶ್ಚಿತತೆ, ಈ ಮೂರು ಕಾಲಂಗಳ ಜೊತೆ ಫಿಲ್ಟರ್, ಎಕ್ಸ್‌ಪೋಶರ್, ಬಿನ್ನಿಂಗ್, ಹೋಲಿಕೆ ನಕ್ಷತ್ರಗಳು, ಒತ್ತಿದ ತಿದ್ದುಪಡಿಗಳು ಎಲ್ಲವನ್ನೂ ಬರೆಯಿರಿ. ಅನಿಶ್ಚಿತತೆಯನ್ನು ಚಿಕ್ಕದಾಗಿ ತೋರಿಸಿ ಬೀಗಬೇಡಿ: ಎರಡು ನಿಮಿಷ ಎಂದು ಪ್ರಾಮಾಣಿಕವಾಗಿ ಬರೆದದ್ದು ಬಳಕೆಗೆ ಬರುತ್ತದೆ, ಅರ್ಧ ನಿಮಿಷವೆಂದು ಸುಳ್ಳು ಹೇಳಿದ್ದು ಇತರರ ಲೆಕ್ಕವನ್ನೂ ಎಳೆದು ಕೆಡಿಸುತ್ತದೆ. ಮೂಲ ಚಿತ್ರಗಳನ್ನು ಅಳಿಸಬೇಡಿ.

ಗಡಿಯಾರ ಸರಿಯಿದ್ದು, ಹೋಲಿಕೆ ನಕ್ಷತ್ರಗಳು ಸರಿಯಿದ್ದು, ಎರಡು ಮೂರು ರಾತ್ರಿಯೂ ಅದೇ ದಿಕ್ಕಿಗೆ ನಡುಗಾಲ ತಪ್ಪುತ್ತಿದ್ದರೆ ಗ್ರಹವೇ ಏನೋ ಹೇಳುತ್ತಿದೆ. ವಿಜಯಸಾರಥಿಯಲ್ಲಿರುವ ವಾಸ್ಪ್-12ಬಿಯ ಸುತ್ತಿನ ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡ್ ಕಡಿಮೆಯಾಗುತ್ತಿದೆ, ಗ್ರಹ ಸುರುಳಿಯಾಗಿ ನಕ್ಷತ್ರದೊಳಕ್ಕೆ ಇಳಿಯುತ್ತಿದೆ. ಒಂದು ಸುತ್ತಿನಲ್ಲಿ ಇದು ಯಾರ ಕಣ್ಣಿಗೂ ಬೀಳದು. ಆದರೆ ಸುತ್ತು 26 ಗಂಟೆಯದು, ಹತ್ತು ವರ್ಷಕ್ಕೆ 3,300ಕ್ಕೂ ಹೆಚ್ಚು. ಮೊದಲ ವರ್ಷದ ಅವಧಿಯನ್ನೇ ಹಿಡಿದು ಲೆಕ್ಕ ಹಾಕುತ್ತಾ ಹೋದರೆ ಹತ್ತನೇ ವರ್ಷದ ಸಂಕ್ರಮಣ ಎಂಟು ನಿಮಿಷ ಮುಂಚೆಯೇ ಬಂದಿರುತ್ತದೆ. ನಕ್ಷತ್ರದ ಕಾಂತಿಮಾನ 11.7, ತಗ್ಗು ಶೇ. 1.4. 20 ಸೆಂ.ಮೀ. ಸಾಕು.